ದುರ್ಗದ ಗಾಳಿಯಿಂದ ಹಡಗು ಓಡಿಸಬಹುದಾ? ಹೈಡ್ರೋಜನ್ ಬಗ್ಗೆ ತಿಳಿದವರು ಹೇಳಿ

ದಾವಣಗೆರೆ_ಮೆಕ್ಯಾನಿಕಲ್

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಕೊನೆಯ ವರ್ಷ ಓದುತ್ತಿದ್ದೇನೆ. ಸೆಮಿನಾರ್‌ಗೆ ಹಡಗು ಮತ್ತು ಹೈಡ್ರೋಜನ್ ವಿಷಯ ತಗೊಂಡಿದ್ದೇನೆ. ಘಾಟಿ ಇಳಿಯದೆ ಸಮುದ್ರ ಕಾಣದ ಊರಲ್ಲಿ ಕೂತು ನಿನಗ್ಯಾಕೋ ಹಡಗಿನ ಉಸಾಬರಿ ಅಂತ ಗೆಳೆಯರು ರೇಗಿಸ್ತಾರೆ.

ನನ್ನ ಯೋಚನೆ ಇಷ್ಟು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ಶೇ. 3 ಹಡಗುಗಳಿಂದಲೇ ಬರುತ್ತದೆ. 2050ರ ಹೊತ್ತಿಗೆ ಇದನ್ನು ನಿವ್ವಳ ಸೊನ್ನೆಗೆ (ನೆಟ್ ಝೀರೋ) ತರಬೇಕು ಅಂತ ವಿಶ್ವಸಂಸ್ಥೆಯ ಹಡಗು ಸಾರಿಗೆ ಸಂಸ್ಥೆ ಐಎಂಒ 2023ರಲ್ಲಿ ಗುರಿ ಇಟ್ಟಿದೆ. ಇತ್ತ ಚಿತ್ರದುರ್ಗದ ಗುಡ್ಡಗಳ ಮೇಲೆ ಎಲ್ಲಿ ನೋಡಿದರೂ ಗಾಳಿ ಫ್ಯಾನ್. ಆ ಕರೆಂಟಿನಿಂದ ನೀರು ಒಡೆದು ಹೈಡ್ರೋಜನ್ ಮಾಡೋಣ, ಮಂಗಳೂರಿಗೆ ಕಳಿಸೋಣ, ಹಡಗಿಗೆ ತುಂಬೋಣ. ಆಯ್ತಲ್ವಾ? ಉರಿಸಿದರೆ ಬರೀ ನೀರಿನ ಹಬೆ. ಇಷ್ಟು ಸುಲಭ ಇದ್ದರೂ ಯಾಕೆ ಯಾರೂ ಮಾಡ್ತಿಲ್ಲ?

ಎಂಜಿನ್‌ರೂಮ್_ಹೊಳಲ್ಕೆರೆ

ತಮ್ಮಾ, ಒಳ್ಳೆ ವಿಷಯ ತಗೊಂಡಿದ್ದೀಯ. ನಾನು ಬಲ್ಕ್ ಕ್ಯಾರಿಯರ್‌ನಲ್ಲಿ ಸೆಕೆಂಡ್ ಎಂಜಿನಿಯರ್. ಅದಿರು, ಕಲ್ಲಿದ್ದಲು, ಗೋಧಿ ಸಾಗಿಸುವ ಹಡಗು. ಈಗ ರಜೆಗೆ ಊರಿಗೆ ಬಂದಿದ್ದೇನೆ.

ಮೊದಲು ಜಾಗದ ಸಮಸ್ಯೆ ನೋಡು. ತೂಕದ ಲೆಕ್ಕ ಹಿಡಿದರೆ ಹೈಡ್ರೋಜನ್ನಿಗೆ ಸಮ ಇಲ್ಲ. ಒಂದು ಕೆಜಿಯಲ್ಲಿ 120 ಮೆಗಾಜೂಲ್ ಶಕ್ತಿ. ನಮ್ಮ ಹಡಗಿನ ಕಪ್ಪು ಎಣ್ಣೆಯಲ್ಲಿ ಸುಮಾರು 40. ಆದರೆ ಅದು ಮಂಡಕ್ಕಿ ಚೀಲ ಇದ್ದ ಹಾಗೆ. ತೂಕ ಇಲ್ಲ, ಲಾರಿ ಮಾತ್ರ ತುಂಬಿಬಿಡುತ್ತದೆ. ಮೈನಸ್ 253 ಡಿಗ್ರಿಗೆ ತಂಪು ಮಾಡಿ ದ್ರವ ಮಾಡಿದರೂ ಒಂದು ಘನ ಮೀಟರಿನಲ್ಲಿ 71 ಕೆಜಿ ಅಷ್ಟೇ ಹಿಡಿಯುತ್ತದೆ.

ಮಧ್ಯಮ ಗಾತ್ರದ ಬಲ್ಕ್ ಹಡಗು ದಿನಕ್ಕೆ ಸುಮಾರು 30 ಟನ್ ಎಣ್ಣೆ ಕುಡಿಯುತ್ತದೆ ಅಂತಿಟ್ಕೋ. 20 ದಿನದ ಪ್ರಯಾಣಕ್ಕೆ 600 ಟನ್. ಅದಕ್ಕೆ 620 ಘನ ಮೀಟರ್ ಜಾಗ ಸಾಕು. ಅಷ್ಟೇ ಶಕ್ತಿಗೆ ದ್ರವ ಹೈಡ್ರೋಜನ್ 200 ಟನ್ ಸಾಕು, ಜಾಗ ಮಾತ್ರ 2,800 ಘನ ಮೀಟರ್ ಬೇಕು. ಇದು ಬರೀ ಇಂಧನದ ಲೆಕ್ಕ. ಎಣ್ಣೆ ಟ್ಯಾಂಕನ್ನು ಹಡಗಿನ ಹೊಟ್ಟೆಯ ಮೂಲೆ ಮುಡುಕಿನಲ್ಲಿ ಹೇಗೆ ಬೇಕಾದರೂ ಕೂರಿಸಬಹುದು. ಹೈಡ್ರೋಜನ್ ಟ್ಯಾಂಕ್ ಗುಂಡಗೆ ಅಥವಾ ಸಿಲಿಂಡರ್ ತರ ಇರಬೇಕು. ಎರಡು ಗೋಡೆ, ನಡುವೆ ನಿರ್ವಾತ. ಆ ಜಾಗ ಸರಕಿನ ಜಾಗದಿಂದಲೇ ಹೋಗಬೇಕು. ಸರಕು ಕಡಿಮೆ ಆದರೆ ಮಾಲೀಕನಿಗೆ ಬಾಡಿಗೆ ಕಡಿಮೆ.

ಎರಡನೆಯದು ಸೋರಿಕೆ. ಅಷ್ಟು ಸಣ್ಣ ಅಣು ಬೇರೆ ಇಲ್ಲ. ಗಾಳಿಯಲ್ಲಿ ಶೇ. 4ರಿಂದ ಶೇ. 75ರವರೆಗೆ ಎಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ಹಗಲಲ್ಲಿ ಉರಿ ಕಣ್ಣಿಗೂ ಕಾಣಿಸುವುದಿಲ್ಲ. ಬಿಸಿ ಪೈಪುಗಳ ನಡುವೆ ಕೆಲಸ ಮಾಡುವ ನನಗೆ ಈ ಮಾತು ಕೇಳಿದರೆ ನಿದ್ದೆ ಬರೋದಿಲ್ಲ.

ದಾವಣಗೆರೆ_ಮೆಕ್ಯಾನಿಕಲ್

ಅಣ್ಣಾ, ಆದರೆ ನಾರ್ವೆಯಲ್ಲಿ ಹೈಡ್ರೋಜನ್ ಹಡಗು ಓಡ್ತಿದೆಯಲ್ಲ? ವಾರಾಣಸಿಯಲ್ಲೂ ಒಂದು ದೋಣಿ ಇದೆ ಅಂತ ಓದಿದ್ದೆ.

ಎಂಜಿನ್‌ರೂಮ್_ಹೊಳಲ್ಕೆರೆ

ಇವೆ. ನಾರ್ವೆಯದು ಎಂಎಫ್ ಹೈಡ್ರಾ. 2023ರಿಂದ ದ್ರವ ಹೈಡ್ರೋಜನ್ ಮೇಲೆ ಓಡುತ್ತಿದೆ. 300 ಜನ, 80 ಕಾರು ಹಿಡಿಸುವ ಫೆರಿ. ನಮ್ಮದು ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ 24 ಮೀಟರಿನ, 50 ಜನರ ದೋಣಿ. 2024ರ ಫೆಬ್ರವರಿಯಲ್ಲಿ ಪ್ರಧಾನಿ ಚಾಲನೆ ಕೊಟ್ಟರು. ಎರಡರಲ್ಲೂ ಫ್ಯುಯೆಲ್ ಸೆಲ್, ಅಂದರೆ ಹೈಡ್ರೋಜನ್ನನ್ನು ಉರಿಸದೆ ನೇರವಾಗಿ ಕರೆಂಟ್ ಮಾಡುವ ಸಾಧನ.

ಇವು ಯಾಕೆ ಆಗುತ್ತವೆ ಗೊತ್ತಾ? ಈ ದಡ, ಆ ದಡ. ಸಂಜೆ ಮತ್ತೆ ಅದೇ ಕಟ್ಟೆಗೆ ಬಂದು ತುಂಬಿಸಿಕೊಳ್ಳಬಹುದು. ನಾವು ಬ್ರೆಜಿಲ್‌ನಿಂದ ಚೀನಾಕ್ಕೆ ಹೊರಟರೆ ನಡುವೆ ಬಂಕ್ ಇಲ್ಲ. ಇನ್ನೊಂದು ತಮಾಷೆ ಕೇಳು. ಆ ಹೈಡ್ರಾಗೆ ದ್ರವ ಹೈಡ್ರೋಜನ್ ಜರ್ಮನಿಯ ಲ್ಯೂನಾದಿಂದ ಲಾರಿಯಲ್ಲಿ ಬರುವ ಏರ್ಪಾಡು.

ಜಪಾನಿನವರ ಸುಯಿಸೋ ಫ್ರಂಟಿಯರ್ ಕಥೆ ಇನ್ನೂ ಚೆನ್ನಾಗಿದೆ. 2022ರಲ್ಲಿ ಆಸ್ಟ್ರೇಲಿಯಾದಿಂದ ಕೋಬೆಗೆ ದ್ರವ ಹೈಡ್ರೋಜನ್ ಹೊತ್ತು ತಂದ ಮೊದಲ ಹಡಗು. ಹೊಟ್ಟೆಯಲ್ಲಿ ಹೈಡ್ರೋಜನ್, ಎಂಜಿನ್ ಓಡಿದ್ದು ಡೀಸೆಲ್‌ನಲ್ಲಿ. ಆ ಹೈಡ್ರೋಜನ್ನಾದರೂ ಹಸಿರೇ? ಅದರಲ್ಲಿ ಕಂದು ಕಲ್ಲಿದ್ದಲಿನಿಂದ ಮಾಡಿದ್ದೂ ಇತ್ತು!

ಗುಡ್ಡದ_ಗಾಳಿ

ನಾನು ದುರ್ಗದ ಹತ್ತಿರದ ಗುಡ್ಡದ ಮೇಲೆ ಟರ್ಬೈನ್ ಮೇಂಟೆನೆನ್ಸ್ ಕೆಲಸದಲ್ಲಿದ್ದೇನೆ. ಸರ್ ಹೇಳಿದ 30 ಟನ್ ಲೆಕ್ಕ ಹಿಡಿದು ನಮ್ಮ ಕಡೆಯಿಂದ ಕೂಡಿ ಗುಣಿಸಿದೆ. ನೋಡಿ.

30 ಟನ್ ಎಣ್ಣೆ ಅಂದರೆ 10 ಟನ್ ಹೈಡ್ರೋಜನ್. ಒಂದು ಕೆಜಿ ಮಾಡಲು ನೀರು ಒಡೆಯುವ ಯಂತ್ರ, ಅಂದರೆ ಎಲೆಕ್ಟ್ರೋಲೈಸರ್‌ಗೆ 50ರಿಂದ 55 ಯೂನಿಟ್ ಕರೆಂಟ್ ಬೇಕು. 53 ಅಂತ ಹಿಡಿದರೆ ದಿನಕ್ಕೆ 5 ಲಕ್ಷ 30 ಸಾವಿರ ಯೂನಿಟ್. 2 ಮೆಗಾವ್ಯಾಟಿನ ಫ್ಯಾನ್ ವರ್ಷದ ಸರಾಸರಿಯಲ್ಲಿ ತನ್ನ ತಾಕತ್ತಿನ ಶೇ. 30 ಕೊಟ್ಟರೆ ದಿನಕ್ಕೆ 14,400 ಯೂನಿಟ್. ಅಂದರೆ ಒಂದೇ ಒಂದು ಹಡಗಿಗೆ ಹತ್ತಿರ ಹತ್ತಿರ 37 ಫ್ಯಾನ್! ಅದನ್ನು ದ್ರವ ಮಾಡೋಕೆ ಕೆಜಿಗೆ ಇನ್ನೂ 10 ಯೂನಿಟ್ ಸೇರಿಸಿದರೆ 44.

ಇನ್ನು ಗಾಳಿ ಕೂಡ ವರ್ಷವಿಡೀ ಒಂದೇ ತರ ಇರೋದಿಲ್ಲ. ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ನಮ್ಮ ಗುಡ್ಡದಲ್ಲಿ ನಿಲ್ಲೋಕಾಗಲ್ಲ. ದೀಪಾವಳಿ ಕಳೆದ ಮೇಲೆ ಎಷ್ಟೋ ದಿನ ರೆಕ್ಕೆ ಸುಮ್ನೆ ನಿಂತಿರುತ್ತವೆ. ಕೋಟಿಗಟ್ಟಲೆ ಸುರಿದು ತಂದ ಎಲೆಕ್ಟ್ರೋಲೈಸರ್ ಆಗ ಖಾಲಿ ಕೂರಬೇಕಾ? ಸೋಲಾರ್ ಜೊತೆ ಸೇರಿಸಿದರೆ ಮಾತ್ರ ಸ್ವಲ್ಪ ಸರಿಹೋಗುತ್ತದೆ.

ಹಿರಿಯೂರು_ತೋಟ

ಕರೆಂಟು ಬಿಡಿ, ನೀರೆಲ್ಲಿಂದ ತರ್ತೀರಿ? ದುರ್ಗ ಜಿಲ್ಲೆಯಲ್ಲಿ ಕುಡಿಯೋ ನೀರಿಗೇ ಟ್ಯಾಂಕರ್ ಕಾಯ್ತೀವಿ. ವಾಣಿವಿಲಾಸ ಸಾಗರದ ನೀರಿಗೆ ಈಗಲೇ ಎಷ್ಟೊಂದು ಕೈ ಚಾಚಿವೆ. ಭದ್ರಾ ಮೇಲ್ದಂಡೆ ಮುಗಿಯೋದು ಯಾವಾಗಲೋ. ನಮ್ಮ ನೀರನ್ನು ಒಡೆದು ಯಾರದೋ ಹಡಗಿಗೆ ಹಾಕೋದು ಅಂದರೆ ಏನ್ರೀ ಅರ್ಥ?

ಕೆಮಿಸ್ಟ್ರಿ_ಮೇಡಂ

ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ಇಲ್ಲಿ ನೀರು ಜನ ಅಂದುಕೊಂಡಷ್ಟು ದೊಡ್ಡ ಸಮಸ್ಯೆ ಅಲ್ಲ. ನಾನು ಪಿಯುಸಿಗೆ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು, ಲೆಕ್ಕ ಹೇಳುತ್ತೇನೆ. ಒಂದು ಕೆಜಿ ಹೈಡ್ರೋಜನ್ನಿಗೆ 9 ಲೀಟರ್ ಶುದ್ಧ ನೀರು ಬೇಕು. ಶುದ್ಧ ಮಾಡುವಾಗ ಹೋಗುವುದು, ತಂಪು ಮಾಡಲು ಬೇಕಾದ್ದು ಸೇರಿ 20 ಅಂತ ಹಿಡಿಯಿರಿ. ಒಂದು 2 ಮೆಗಾವ್ಯಾಟಿನ ಫ್ಯಾನ್‌ನಿಂದ ದಿನಕ್ಕೆ 270 ಕೆಜಿ ಹೈಡ್ರೋಜನ್ ಬರುತ್ತದೆ. ನೀರು 5,400 ಲೀಟರ್, ಒಂದು ಟ್ಯಾಂಕರ್ ಲೋಡು. ಭದ್ರಾ ಕಾಲುವೆಯ ಕೆಳಗೆ ಒಂದು ಎಕರೆ ಭತ್ತ ದಿನಕ್ಕೆ ಸರಾಸರಿ 40 ಸಾವಿರ ಲೀಟರ್ ಕುಡಿಯುತ್ತದೆ.

ಹಾಗಂತ ಬೋರ್‌ವೆಲ್ ಕೊರೆದು ಮಾಡಿ ಅಂತ ನಾನು ಹೇಳುವುದಿಲ್ಲ. ನೀರಿನ ಭಯಕ್ಕೆ ಯೋಜನೆ ಬೇಡ ಅನ್ನುವುದಕ್ಕಿಂತ ಕರೆಂಟಿನ ಲೆಕ್ಕ ಕೇಳುವುದು ಮುಖ್ಯ. ಗಂಟು ಇರುವುದು ಅಲ್ಲಿ.

ಹಿರಿಯೂರು_ತೋಟ

ಮೇಡಂ, ಲೆಕ್ಕ ಒಪ್ಪಿದೆ. ಆದರೆ ಭತ್ತ ಬೆಳೆಯೋರು ದಾವಣಗೆರೆ, ಹರಿಹರದ ಕಡೆಯೋರು. ಫ್ಯಾನ್ ಇರೋದು ನಮ್ಮ ಒಣ ಗುಡ್ಡದಲ್ಲಿ. ಟ್ಯಾಂಕರ್ ಇಲ್ಲಿಗೇ ಬರಬೇಕಲ್ವಾ?

ಲಾರಿ_ಭೀಮಸಮುದ್ರ

ಟ್ಯಾಂಕರ್ ಅಂದಿದ್ದಕ್ಕೆ ನಾನೂ ಒಂದು ಮಾತು ಹಾಕ್ತೀನಿ. ಅದಿರು ಲಾರಿ ಇಟ್ಟುಕೊಂಡಿದ್ದೀವಿ. ಈ ಹೈಡ್ರೋಜನ್ನನ್ನು ದುರ್ಗದಿಂದ ಮಂಗಳೂರಿಗೆ ಹೇಗೆ ಒಯ್ತೀರಿ? ಉದ್ದುದ್ದ ಸಿಲಿಂಡರ್ ಜೋಡಿಸಿದ ಟ್ರೇಲರ್ ಇರುತ್ತಲ್ಲ, 200 ಬಾರ್ ಒತ್ತಡದ್ದು, ಅದರಲ್ಲಿ 300ರಿಂದ 400 ಕೆಜಿ ಗ್ಯಾಸ್ ಹಿಡಿಯೋದು. ಬರೀ ಸಿಲಿಂಡರಿನ ಉಕ್ಕನ್ನೇ ಹೊತ್ತುಕೊಂಡು ಹೋಗಬೇಕು. ಒಂದು ಹಡಗಿನ ದಿನದ 10 ಟನ್‌ಗೆ 25-33 ಟ್ರೇಲರ್. ಅದೂ ಶಿರಾಡಿ ಘಾಟಿಯಲ್ಲಿ, ಮಳೆಗಾಲದಲ್ಲಿ, ಗುಡ್ಡ ಕುಸಿದು ರಸ್ತೆ ಬಂದ್ ಆದಾಗ! ಡ್ರೈವರ್ ಸಿಗೋದೂ ಕಷ್ಟ.

ಗುಡ್ಡದ_ಗಾಳಿ

ಲಾರಿ ಅಣ್ಣ ಹೇಳಿದ್ದೇ ಸರಿ. ಅದಕ್ಕೇ ನಾನು ಹೇಳೋದು, ಗ್ಯಾಸನ್ನು ಯಾಕೆ ಸಾಗಿಸಬೇಕು? ಕರೆಂಟಿಗೆ ತಂತಿ ಇದೆ. ದುರ್ಗದ ಕರೆಂಟ್ ತಂತಿಯಲ್ಲಿ ಪಣಂಬೂರಿಗೆ ಹೋಗಲಿ. ಎಲೆಕ್ಟ್ರೋಲೈಸರ್ ಬಂದರಿನ ಪಕ್ಕದಲ್ಲೇ ಇರಲಿ. ಸಮುದ್ರದ ನೀರನ್ನು ಸಿಹಿ ಮಾಡೋಕೆ ಸಾವಿರ ಲೀಟರಿಗೆ 3-4 ಯೂನಿಟ್ ಸಾಕು, ಉಳಿದ ಖರ್ಚಿನ ಮುಂದೆ ಅದು ಲೆಕ್ಕಕ್ಕೇ ಬರೋದಿಲ್ಲ. ಹಿರಿಯೂರಿನವರ ನೀರಿನ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು.

ಕೇಂದ್ರ ಸರ್ಕಾರ ಕೂಡ ಬಂದರುಗಳನ್ನೇ ಹಿಡಿದಿದೆ. ಹಸಿರು ಹೈಡ್ರೋಜನ್ ಕೇಂದ್ರ ಮಾಡಲು ಕಾಂಡ್ಲಾ, ಪಾರಾದೀಪ, ತೂತ್ತುಕುಡಿ ಆರಿಸಿದ್ದಾರೆ. 2023ರ ಜನವರಿಯಲ್ಲಿ ಒಪ್ಪಿಗೆಯಾದ ರಾಷ್ಟ್ರೀಯ ಮಿಷನ್‌ಗೆ 19,744 ಕೋಟಿ ರೂಪಾಯಿ. ಅದರಲ್ಲಿ ಹಡಗಿನ ಪ್ರಯೋಗಗಳಿಗೆ ಇಟ್ಟಿದ್ದು 115 ಕೋಟಿ. ಎಷ್ಟು ಸಣ್ಣ ಪಾಲು ನೋಡಿ.

ದಾವಣಗೆರೆ_ಮೆಕ್ಯಾನಿಕಲ್

ಹಾಗಾದರೆ ಸಮುದ್ರ ದಾಟುವ ಹಡಗಿಗೆ ಹೈಡ್ರೋಜನ್ ಆಗೋದೇ ಇಲ್ವಾ? ನನ್ನ ಸೆಮಿನಾರ್ ಇಲ್ಲಿಗೇ ಮುಗೀತಾ?

ಎಂಜಿನ್‌ರೂಮ್_ಹೊಳಲ್ಕೆರೆ

ಮುಗಿದಿಲ್ಲ ಮಾರಾಯಾ. ಹೈಡ್ರೋಜನ್ ಹಡಗಿಗೆ ಬರುತ್ತದೆ, ವೇಷ ಹಾಕಿಕೊಂಡು ಬರುತ್ತದೆ. ಸಾರಜನಕದ ಜೊತೆ ಸೇರಿಸಿದರೆ ಅಮೋನಿಯ. ಇಂಗಾಲದ ಜೊತೆ ಸೇರಿಸಿದರೆ ಮೆಥನಾಲ್. ಆ 20 ದಿನದ ಪ್ರಯಾಣಕ್ಕೆ ಅಮೋನಿಯ ಆದರೆ ಸುಮಾರು 1,900 ಘನ ಮೀಟರ್, ಮೆಥನಾಲ್ ಆದರೆ 1,500. ಎಣ್ಣೆಯ ಎರಡೂವರೆಯಿಂದ ಮೂರು ಪಟ್ಟು. ಇದನ್ನು ಹೇಗೋ ಸುಧಾರಿಸಬಹುದು.

ಮೆಥನಾಲ್ ಮಾಮೂಲಿ ಟ್ಯಾಂಕಿನಲ್ಲೇ ನಿಲ್ಲುತ್ತದೆ, ತಂಪು ಬೇಡ, ಒತ್ತಡ ಬೇಡ. ಮೆರ್ಸ್ಕ್ ಕಂಪನಿಯ ಲಾರಾ ಮೆರ್ಸ್ಕ್ 2023ರಲ್ಲೇ ಓಡಿತು. ಮರುವರ್ಷ 16 ಸಾವಿರ ಕಂಟೇನರಿನ ‘ಆನೆ ಮೆರ್ಸ್ಕ್’ (Ane Maersk) ಅನ್ನೋ ಹಡಗು ಬಂತು. ತೊಂದರೆ ಏನಂದರೆ, ಅದರ ಇಂಗಾಲ ಕೊಳೆತ ಕಸ, ಬೆಳೆಯ ಉಳಿಕೆಯಂಥ ಮೂಲದಿಂದ ಬಂದರೆ ಮಾತ್ರ ಹಸಿರು. ಅಂಥದ್ದು ಸಿಗೋದು ಕಮ್ಮಿ.

ಅಮೋನಿಯದಲ್ಲಿ ಇಂಗಾಲವೇ ಇಲ್ಲ. ಮೈನಸ್ 33 ಡಿಗ್ರಿಗೆ ದ್ರವ ಆಗುತ್ತದೆ. ಜಗತ್ತಿನ ಬಂದರುಗಳಿಗೆ ಅದನ್ನು ಹತ್ತಿಸಿ ಇಳಿಸಿ ಅಭ್ಯಾಸ ಇದೆ. 2024ರ ಆಗಸ್ಟ್‌ನಲ್ಲಿ ಟೋಕಿಯೊ ಕೊಲ್ಲಿಯಲ್ಲಿ ಸಾಕಿಗಾಕೆ ಅನ್ನೋ ಟಗ್ (ದೊಡ್ಡ ಹಡಗು ಎಳೆಯುವ ದೋಣಿ) ಅಮೋನಿಯದಲ್ಲಿ ಕೆಲಸ ಶುರು ಮಾಡಿತು. ಆದರೆ ವಿಷ. ಗಾಳಿಯಲ್ಲಿ ಹತ್ತು ಲಕ್ಷಕ್ಕೆ 300 ಪಾಲು ಸೇರಿದರೆ ಅಲ್ಲಿಂದ ಓಡಬೇಕು. ಮೂಗಿಗೆ ಬೇಗ ಗೊತ್ತಾಗುತ್ತದೆ ನಿಜ, ಆದರೆ ನಡು ಸಮುದ್ರದಲ್ಲಿ ಓಡಿ ಎಲ್ಲಿಗೆ ಹೋಗೋದು? ಇನ್ನೊಂದು, ಅದು ನಿಧಾನಕ್ಕೆ ಉರಿಯುತ್ತದೆ. ಹೊತ್ತಿಸೋಕೆ ಜೊತೆಗೆ ಸ್ವಲ್ಪ ಡೀಸೆಲ್ ಬೇಕು. ಉರಿಯುವುದು ಸರಿಯಾಗದಿದ್ದರೆ ನೈಟ್ರಸ್ ಆಕ್ಸೈಡ್ ಬರುತ್ತದೆ. ಅದರ ಶಾಖ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ 270 ಪಟ್ಟಿಗೂ ಜಾಸ್ತಿ. ಎಂಜಿನ್ ಕಂಪನಿಗಳು ಈಗ ತಲೆ ಕೆಡಿಸಿಕೊಂಡಿರೋದು ಅದಕ್ಕೇ.

ಜಗಳೂರು_ಮೆಕ್ಕೆಜೋಳ

ಅಮೋನಿಯ ಅಂದರೆ ನಮ್ಮ ಯೂರಿಯಾ ಮಾಡೋದೇ ಅಲ್ವಾ? 2025ರ ಮುಂಗಾರಿನಲ್ಲಿ ಮೆಕ್ಕೆಜೋಳ ಮೊಣಕಾಲೆತ್ತರ ಬಂದಾಗ ಯೂರಿಯಾ ಇಲ್ಲ. ಗೊಬ್ಬರದಂಗಡಿ ಮುಂದೆ ಬೆಳಗ್ಗೆಯಿಂದ ಸಾಲು ನಿಂತು ಎರಡು ಚೀಲ ತಂದೆ, ಜೊತೆಗೆ ಬೇಡದ ಇನ್ನೊಂದು ಬಾಟಲಿ ಕಟ್ಟಿದರು. 266 ರೂಪಾಯಿ 50 ಪೈಸೆಯ ಚೀಲಕ್ಕೆ ಈ ಪಾಡು. ಇನ್ನು ಹಡಗಿನವರೂ ಅದೇ ಸಾಲಿಗೆ ಬಂದು ನಿಂತರೆ? ಅವರ ಹತ್ತಿರ ಡಾಲರ್ ಇದೆ. ನಮ್ಮ ಹತ್ತಿರ ಆಧಾರ್ ಕಾರ್ಡ್ ಇದೆ.

ಕೆಮಿಸ್ಟ್ರಿ_ಮೇಡಂ

ಈ ಚರ್ಚೆಯಲ್ಲೇ ಎಲ್ಲಕ್ಕಿಂತ ಗಟ್ಟಿ ಪ್ರಶ್ನೆ ಇದು. ಲೆಕ್ಕ ಮಾಡೋಣ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18 ಕೋಟಿ ಟನ್ ಅಮೋನಿಯ ತಯಾರಾಗುತ್ತದೆ. ಅದರಲ್ಲಿ ಶೇ. 70ರಷ್ಟು ಗೊಬ್ಬರಕ್ಕೆ. ಜಗತ್ತಿನ ಹಡಗುಗಳು ವರ್ಷಕ್ಕೆ ಸುಮಾರು 30 ಕೋಟಿ ಟನ್ ಎಣ್ಣೆ ಸುಡುತ್ತವೆ. ಆ ಶಕ್ತಿಯನ್ನೆಲ್ಲ ಅಮೋನಿಯದಿಂದ ಕೊಡಬೇಕಾದರೆ 64 ಕೋಟಿ ಟನ್ ಬೇಕು. ಈಗ ಮಾಡುವುದರ ಮೂರೂವರೆ ಪಟ್ಟು.

ಹೈಡ್ರೋಜನ್ ಲೆಕ್ಕದಲ್ಲೇ ಹೇಳಿದರೆ 10 ಕೋಟಿ ಟನ್. ಇವತ್ತು ಇಡೀ ಲೋಕದಲ್ಲಿ ತಯಾರಾಗುವ ಹೈಡ್ರೋಜನ್ ಹೆಚ್ಚುಕಮ್ಮಿ ಅಷ್ಟೇ. ಅದರಲ್ಲೂ ಶುದ್ಧ ರೀತಿಯಲ್ಲಿ ಮಾಡಿದ್ದು ಶೇ. 1ಕ್ಕಿಂತ ಕಮ್ಮಿ, ಉಳಿದದ್ದರಲ್ಲಿ ಹೆಚ್ಚಿನದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. 10 ಕೋಟಿ ಟನ್‌ ನೀರಿನಿಂದಲೇ ಮಾಡಲು 5.3 ಲಕ್ಷ ಕೋಟಿ ಯೂನಿಟ್ ಕರೆಂಟ್ ಬೇಕು. ಭಾರತ ಒಂದು ವರ್ಷ ಉತ್ಪಾದಿಸುವುದು 1.8 ಲಕ್ಷ ಕೋಟಿಯ ಆಸುಪಾಸು.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೊಸ ಹಸಿರು ಹೈಡ್ರೋಜನ್ ಎಷ್ಟು ಬಂದರೂ ಮೊದಲು ಹೋಗಬೇಕಾದದ್ದು ಗೊಬ್ಬರದ ಕಾರ್ಖಾನೆಗೆ, ತೈಲ ಸಂಸ್ಕರಣಾಗಾರಕ್ಕೆ. ಅಲ್ಲಿ ಈಗಲೇ ಕೊಳಕು ಹೈಡ್ರೋಜನ್ ಬಳಸುತ್ತಿದ್ದಾರೆ. ಹೊಸ ಎಂಜಿನ್ ಬೇಡ, ಹೊಸ ಟ್ಯಾಂಕ್ ಬೇಡ. ಹಡಗಿನ ಸರದಿ ಆಮೇಲೆ.

ಒಂದು ತೊಡಕೂ ಇದೆ. ಯೂರಿಯಾ ಮಾಡಲು ಅಮೋನಿಯದ ಜೊತೆ ಇಂಗಾಲದ ಡೈಆಕ್ಸೈಡ್ ಕೂಡ ಬೇಕು. ನೈಸರ್ಗಿಕ ಅನಿಲದಿಂದ ಮಾಡಿದಾಗ ಅದು ಅಲ್ಲೇ ಪುಕ್ಕಟೆ ಸಿಗುತ್ತದೆ. ನೀರಿನಿಂದ ಮಾಡಿದಾಗ ಸಿಗುವುದಿಲ್ಲ. ಆದ್ದರಿಂದ ಹಸಿರು ಅಮೋನಿಯ ಮೊದಲು ಡಿಎಪಿ, ಕಾಂಪ್ಲೆಕ್ಸ್ ಗೊಬ್ಬರಕ್ಕೆ ಹೊಂದುತ್ತದೆ. ಸೋಲಾರ್ ಎನರ್ಜಿ ಕಾರ್ಪೊರೇಷನ್ 2025ರ ಜುಲೈನಲ್ಲಿ ಹರಾಜು ನಡೆಸಿದಾಗ ಕೆಜಿಗೆ 55.75 ರೂಪಾಯಿಗೆ ಅಮೋನಿಯ ಕೊಡಲು ಕಂಪನಿ ಮುಂದೆ ಬಂತು. ಅದು ಪಾರಾದೀಪದ ಗೊಬ್ಬರ ಕಾರ್ಖಾನೆಗೆ. ಈ ದರ ನೋಡಿ ನನಗಂತೂ ಖುಷಿ ಆಯಿತು.

ಲಾರಿ_ಭೀಮಸಮುದ್ರ

ಮೇಡಂ, ಅದಿರಿಗೂ ಹೈಡ್ರೋಜನ್ ಹಾಕಬಹುದು ಅಂತಾರಲ್ಲ? ಕಬ್ಬಿಣ ಮಾಡೋಕೆ ಕೋಕ್ ಬದಲು?

ಕೆಮಿಸ್ಟ್ರಿ_ಮೇಡಂ

ಹೌದು. ಸ್ವೀಡನ್‌ನಲ್ಲಿ 2021ರಲ್ಲೇ ಹಾಗೆ ಮಾಡಿದ ಉಕ್ಕು ಕೊಟ್ಟಿದ್ದಾರೆ. ಒಂದು ಟನ್ ಉಕ್ಕಿಗೆ 50-55 ಕೆಜಿ ಹೈಡ್ರೋಜನ್ ಬೇಕು. ನೀವು ಲಾರಿಯಲ್ಲಿ ಹೊರುವ ಹೆಮಟೈಟಿನ ತೂಕದಲ್ಲಿ ಶೇ. 30 ಬರೀ ಆಮ್ಲಜನಕ. ಅದನ್ನು ಇಲ್ಲೇ ತೆಗೆದು ಕಬ್ಬಿಣವನ್ನಷ್ಟೇ ಕಳಿಸಿದರೆ ಹಡಗಿನ ಹೊರೆಯೂ ಇಳಿಯುತ್ತದೆ.

ಎಂಜಿನ್‌ರೂಮ್_ಹೊಳಲ್ಕೆರೆ

ಮೇಡಂ ಹೇಳಿದ್ದು ಬಹಳ ದೊಡ್ಡ ಮಾತು. ಹಡಗುಗಳು ಹೊರುವ ಸರಕಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇ. 40 ಕಚ್ಚಾತೈಲ, ಕಲ್ಲಿದ್ದಲು, ಗ್ಯಾಸ್. ನೆಲದ ಮೇಲೆ ಅವುಗಳ ಬಳಕೆ ಇಳಿದರೆ ಅಷ್ಟು ಹಡಗುಗಳೇ ಬೇಡ. ಇದನ್ನು ಯಾರೂ ಹಡಗಿನ ಖಾತೆಯಲ್ಲಿ ಬರೆಯೋದಿಲ್ಲ.

ಇನ್ನೊಂದು ಹಳೆಯ ಉಪಾಯ, ವೇಗ ಇಳಿಸೋದು. ಎಂಜಿನ್‌ಗೆ ಬೇಕಾದ ಶಕ್ತಿ ವೇಗದ ಮೂರನೇ ಘಾತದಲ್ಲಿ ಏರುತ್ತದೆ. ವೇಗ ಶೇ. 10 ತಗ್ಗಿಸಿದರೆ ಒಂದು ಪ್ರಯಾಣಕ್ಕೆ ಶೇ. 19ರಷ್ಟು ಇಂಧನ ಉಳಿಯುತ್ತದೆ. ಅದಕ್ಕೆ ಯಾವ ಎಲೆಕ್ಟ್ರೋಲೈಸರ್ ಬೇಕು? ಹಾಯಿ ಕೂಡ ವಾಪಸ್ ಬರ್ತಿದೆ. 2023ರಲ್ಲಿ ಪಿಕ್ಸಿಸ್ ಓಷನ್ ಅನ್ನೋ ಬಲ್ಕ್ ಹಡಗು ಹಾಯಿಯ ಹಾಗೆ ಕೆಲಸ ಮಾಡುವ ದೊಡ್ಡ ಗಟ್ಟಿ ರೆಕ್ಕೆ ಕೂರಿಸಿಕೊಂಡು ಹೊರಟಿತು. ಹೀಗೆ ಹಸಿವು ಇಳಿಸಿದ ಮೇಲೆ ಉಳಿದದ್ದಕ್ಕೆ ಅಮೋನಿಯವೋ ಮೆಥನಾಲೋ ಕೊಟ್ಟರೆ ಸಾಲುತ್ತದೆ.

ಗುಡ್ಡದ_ಗಾಳಿ

ಸರ್, ಕಾನೂನು ಏನಾಯ್ತು? ಇಂಗಾಲ ಇಳಿಸದ ಹಡಗುಗಳಿಗೆ ದಂಡ ಅಂತ ಇತ್ತಲ್ಲ.

ಎಂಜಿನ್‌ರೂಮ್_ಹೊಳಲ್ಕೆರೆ

ಐಎಂಒ ನೆಟ್ ಝೀರೋ ಚೌಕಟ್ಟಿಗೆ 2025ರ ಏಪ್ರಿಲ್‌ನಲ್ಲಿ ಒಪ್ಪಿತ್ತು. ಅಕ್ಟೋಬರ್‌ನಲ್ಲಿ ಅಂತಿಮ ಮುದ್ರೆ ಬೀಳಬೇಕಿತ್ತು. ಅಮೆರಿಕ ಜೋರಾಗಿ ವಿರೋಧ ಮಾಡಿತು, ಒಂದು ವರ್ಷ ಮುಂದಕ್ಕೆ ಹಾಕಿದರು. ಯುರೋಪು ಮಾತ್ರ ಕಾದಿಲ್ಲ. 2024ರಿಂದ ಹಡಗಿನ ಇಂಗಾಲಕ್ಕೆ ದುಡ್ಡು ವಸೂಲಿ, 2025ರಿಂದ ಇಂಧನಕ್ಕೂ ನಿಯಮ. ಮಾಲೀಕರು ಹೊಸ ಹಡಗಿಗೆ ಆರ್ಡರ್ ಕೊಡುವಾಗ ಇದನ್ನು ನೋಡಲೇಬೇಕು, ಯಾಕಂದರೆ ಹಡಗಿನ ಆಯಸ್ಸು 25 ವರ್ಷ. ಈಗ ಕಟ್ಟಿದ್ದು 2050ರಲ್ಲೂ ನೀರಲ್ಲೇ ಇರುತ್ತದೆ.

ದಾವಣಗೆರೆ_ಮೆಕ್ಯಾನಿಕಲ್

ಎಲ್ಲರಿಗೂ ಥ್ಯಾಂಕ್ಸ್. ಸೆಮಿನಾರ್ ಹೆಸರು ಬದಲಿಸಿದೆ: "ಒಂದು ಅದಿರು ಹಡಗಿಗೆ ಎಷ್ಟು ಗಾಳಿ ಫ್ಯಾನ್?" ಗುಡ್ಡದ ಅಣ್ಣನ ಲೆಕ್ಕವನ್ನೇ ತಿಂಗಳ ಪ್ರಕಾರ ಬಿಡಿಸಿ, ಸೋಲಾರ್ ಸೇರಿಸಿ ಮಾಡ್ತೀನಿ. ನಮ್ಮ ಗೈಡ್ ಸರ್ ಒಪ್ಪಿದರು.

ಜಗಳೂರು_ಮೆಕ್ಕೆಜೋಳ

ಹಡಗಿನ ಸರ್‌ಗೆ ಒಂದು ಪ್ರಶ್ನೆ. ನನ್ನ ಮಗನೂ ಮೆಕ್ಯಾನಿಕಲ್ ಮುಗಿಸ್ತಾನೆ. ಹಡಗಿನ ಕೆಲಸಕ್ಕೆ ಹೋಗ್ತೀನಿ ಅಂತಾನೆ. ಈ ಇಂಧನ ಎಲ್ಲ ಬದಲಾದರೆ ಆ ಕೆಲಸ ಉಳಿಯುತ್ತಾ? ಈಗ ಸಾಲ ಮಾಡಿ ಓದಿಸಬಹುದಾ?

ಎಂಜಿನ್‌ರೂಮ್_ಹೊಳಲ್ಕೆರೆ

ಉಳಿಯುತ್ತದೆ ಯಜಮಾನ್ರೇ, ಧೈರ್ಯವಾಗಿ ಓದಿಸಿ. ಅಮೋನಿಯ ಇರಲಿ, ಮೆಥನಾಲ್ ಇರಲಿ, ಎಂಜಿನ್ ಬಿಚ್ಚಿ ಜೋಡಿಸೋಕೆ ಮನುಷ್ಯ ಬೇಕು. ಮೆಕ್ಯಾನಿಕಲ್ ಬಿಇ ಆದವರಿಗೆ ಒಂದು ವರ್ಷದ ಜಿಎಂಇ (ಗ್ರಾಜುಯೇಟ್ ಮರೈನ್ ಎಂಜಿನಿಯರಿಂಗ್) ಕೋರ್ಸ್ ಇದೆ. ಕೇಂದ್ರದ ಹಡಗು ಸಾರಿಗೆ ನಿರ್ದೇಶನಾಲಯದ (ಡಿಜಿ ಶಿಪ್ಪಿಂಗ್) ಮಾನ್ಯತೆ ಇರುವ ಸಂಸ್ಥೆಯಲ್ಲೇ ಸೇರಲಿ, ಆ ಪಟ್ಟಿ ಅವರ ವೆಬ್‌ಸೈಟಿನಲ್ಲಿ ಇರುತ್ತದೆ. ಕೆಲಸ ಗ್ಯಾರಂಟಿ ಅಂತ ಮುಂಗಡ ದುಡ್ಡು ಕೇಳುವ ಏಜೆಂಟರ ಕೈಗೆ ಒಂದು ರೂಪಾಯಿಯೂ ಕೊಡಬೇಡಿ. ಆಮೇಲೆ ಗ್ಯಾಸ್ ಮತ್ತು ಬೇಗ ಹೊತ್ತಿಕೊಳ್ಳುವ ಇಂಧನದ ಹಡಗುಗಳಿಗೆ ಬೇಕಾದ ಐಜಿಎಫ್ ಬೇಸಿಕ್ ತರಬೇತಿ ಮಾಡಿಕೊಳ್ಳಲಿ. ಅಮೋನಿಯ ಹಡಗುಗಳಿಗೆ ಐಎಂಒ 2024ರ ಡಿಸೆಂಬರ್‌ನಲ್ಲಿ ತಾತ್ಕಾಲಿಕ ಮಾರ್ಗಸೂಚಿ ಕೊಟ್ಟಿದೆ. ಆ ಹಡಗು ಹತ್ತುವವರಿಗೆ ಮುಂದೆ ಬೇರೆ ತರಬೇತಿಯೂ ಬರುತ್ತದೆ. ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿ. ಬಣ್ಣ ಗುರುತಿಸೋದು ಸರಿ ಇಲ್ಲದಿದ್ದರೆ ಮೆಡಿಕಲ್‌ನಲ್ಲೇ ವಾಪಸ್ ಕಳಿಸುತ್ತಾರೆ, ಫೀಸು ಕಟ್ಟಿದ ಮೇಲೆ ಗೊತ್ತಾಗೋದು ಬೇಡ.